ಮೊದಲು ಮೆನು ಒತ್ತಿ, ಸ್ಕ್ರೂ ಬಿಚ್ಚೋದು ಆಮೇಲೆ

ಕಾರವಾರದಲ್ಲಿ ಟಿವಿ ರಿಪೇರಿ ಮಾಡುವವನಿಗೆ ಬರುವ ಫೋನೆಲ್ಲ ಒಂದೇ ಥರ ಶುರುವಾಗುತ್ತವೆ. "ಚಿತ್ರ ಸರಿ ಬರ್ತಿಲ್ಲ, ಬಂದು ನೋಡಿ ಹೋಗಿ." ಸರಿ ಬರ್ತಿಲ್ಲ ಅಂದರೆ ಏನು? ಮಸುಕಾ, ಕತ್ತಲೆಯಾ, ಗೆರೆಯಾ, ಬಣ್ಣ ಕೆಟ್ಟಿದೆಯಾ? ಒಂದೊಂದಕ್ಕೂ ಒಂದೊಂದು ಕಾರಣ. ಎಷ್ಟೋ ಸಲ ಟಿವಿ ಸರಿಯಾಗೇ ಇರುತ್ತದೆ, ತಪ್ಪು ಬೇರೆ ಕಡೆ ಇರುತ್ತದೆ.

ಅದಕ್ಕೇ ಅಂಗಡಿಗೆ ಕೆಲಸ ಕಲಿಯೋಕೆ ಬರುವ ಹುಡುಗರಿಗೆ ನಾನು ಮೊದಲ ದಿನ ಸ್ಕ್ರೂ ಡ್ರೈವರ್ ಕೊಡೋದಿಲ್ಲ. ರಿಮೋಟ್ ಕೊಡುತ್ತೇನೆ. ಟಿವಿಯ ಮೆನು ತೆಗೆದು ಅದನ್ನೇ ಸರಿಯಾಗಿ ನೋಡು ಅನ್ನುತ್ತೇನೆ. ಮೆನು ಅಂದರೆ ಟಿವಿ ತಾನೇ ಬರೆದುಕೊಳ್ಳುವ ಚಿತ್ರ. ಡಿಶ್, ಬಾಕ್ಸ್, ವೈಯರ್ ಯಾವುದರ ಹಂಗೂ ಅದಕ್ಕಿಲ್ಲ. ಮೆನುವಿನ ಅಕ್ಷರ ಚೊಕ್ಕವಾಗಿ ಕಾಣುತ್ತಿದ್ದು, ಅದರ ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಪ್ಯಾನೆಲ್ ಮೇಲೆ, ಅಂದರೆ ಚಿತ್ರ ಮೂಡುವ ಪರದೆಯ ಗಾಜಿನ ಮೇಲೆ, ಅನುಮಾನ ಬೇಡ. ಗೆರೆಯೋ ಕಲೆಯೋ ಮೆನುವಿನ ಮೇಲೂ ಹಾದು ಹೋದರೆ ಆಗ ಟಿವಿ ಬಿಚ್ಚೋಣ. ಹುಡುಗರು ಇಲ್ಲೇ ಒಂದು ಎಡವಟ್ಟು ಮಾಡುತ್ತಾರೆ. ಸೆಟ್ ಟಾಪ್ ಬಾಕ್ಸಿನ ರಿಮೋಟ್ ಒತ್ತಿ ಅದರ ಮೆನು ನೋಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಟಿವಿ ರಿಮೋಟೇ ಬೇಕು. ಎಷ್ಟೋ ಮನೆಗಳಲ್ಲಿ ಟಿವಿ ರಿಮೋಟ್ ಸೆಲ್ ಇಲ್ಲದೆ ಯಾವುದೋ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಹಾಗಾಗಿ ಚೀಲದಲ್ಲಿ ಎರಡು ಸೆಲ್ ಇಟ್ಟುಕೊಂಡೇ ಹೋಗಬೇಕು.

ಅಂಕೋಲೆ ಹತ್ತಿರ ಒಬ್ಬರು ಅಕ್ಕೋರ ಮನೆ. ನಿವೃತ್ತಿಯಾಗಿದ್ದಾರೆ, ಸಂಜೆ ಧಾರಾವಾಹಿ ಬಿಡೋದಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಮಧ್ಯೆ ಮಧ್ಯೆ ನಿಂತೇ ಬಿಡುತ್ತಿತ್ತು.

"ಪ್ಯಾನೆಲ್ ಹೋಗಿದೆ ಅಂದ್ರಪ್ಪ ಒಬ್ರು. ಹೊಸದೇ ತಗೊಳ್ಳಿ ಅಂದ್ರು."

"ತಡೀರಿ ಅಕ್ಕೋರೇ, ಒಂದು ಬಟನ್ ಒತ್ತಿ ನೋಡ್ತೆ."

ಮೆನು ಬಂತು. ಒಂದು ಚುಕ್ಕಿಯೂ ಅಲ್ಲಾಡಲಿಲ್ಲ. ಸೀದಾ ತಾರಸಿಗೆ ಹೋದೆ. ಡಿಶ್ಶಿನ ಎದುರಿಗೆ ಚಾಚಿಕೊಂಡು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಸಿಕ್ಕಿಸಿದ ಕನೆಕ್ಟರ್ ತಿರುಗಿಸಿದರೆ ಒಳಗೆಲ್ಲ ತುಕ್ಕು, ತಾಮ್ರದ ತಂತಿಯ ತುದಿಗೆ ಹಸಿರು ಕಿಲುಬು. ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಮೇಲೆ ನೀರು ಇಳಿಯದ ಟೇಪ್ ಸುತ್ತಿದೆ. ಅಷ್ಟೇ ಕೆಲಸ. ಅಕ್ಕೋರು ಕೆಳಗಿನಿಂದ "ಬಂತು, ಬಂತು" ಅಂದರು.

ಇದರಲ್ಲಿ ತಿಳಿದುಕೊಳ್ಳಬೇಕಾದ ಒಂದು ವಿಷಯ ಇದೆ. ಹಿಂದೆ ಮಾಡಿನ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರ ಮಸುಕಾಗುತ್ತಿತ್ತು, ಮೇಲೆಲ್ಲ ಅಕ್ಕಿಕಾಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಈಗಿನ ಡಿಜಿಟಲ್ ಸಿಗ್ನಲ್ ಹಾಗಲ್ಲ. ಬಂದರೆ ಪೂರ್ತಿ ಬರುತ್ತದೆ, ಕಡಿಮೆಯಾದರೆ ಚೌಕವಾಗಿ ಒಡೆಯುತ್ತದೆ, ಇನ್ನೂ ಕಡಿಮೆಯಾದರೆ ನಿಲ್ಲುತ್ತದೆ. ಹಾಗಾಗಿ ಚೌಕ ಕಂಡರೆ ಡಿಶ್, ವೈಯರ್, ಕನೆಕ್ಟರ್ ನೋಡಬೇಕು. ಮಸುಕು ಕಂಡರೆ ಸಿಗ್ನಲ್ಲಿನ ಮೇಲೆ ತಪ್ಪು ಹೊರಿಸಬಾರದು. ಇನ್ನು ಜೋರು ಮಳೆಯಲ್ಲಿ ಚಾನೆಲ್ ಹೋಗುವುದು ಯಾರ ತಪ್ಪೂ ಅಲ್ಲ. ಡಿಶ್ಶಿಗೆ ಬರುವ, ಕೆಯು ಬ್ಯಾಂಡ್ ಅನ್ನುವ ರೇಡಿಯೋ ತರಂಗವನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹೇಗೆ ಹೊಯ್ಯುತ್ತದೆ ಅಂತ ಹೇಳಬೇಕಾ? ಮಳೆ ನಿಂತ ಮೇಲೂ ಬರದಿದ್ದರೆ ಮಾತ್ರ ಫೋನ್ ಮಾಡಿ.

ಮಸುಕಿನ ಕತೆ ಬೇರೆ. ಚೌತಿಗೆ 55 ಇಂಚಿನ 4ಕೆ ಟಿವಿ ತರುತ್ತಾರೆ. ಗೋಡೆಗೆ ಹಾಕಿ, ಹಳೇ ಬಾಕ್ಸಿನ ಅದೇ ಹಳದಿ-ಕೆಂಪು-ಬಿಳಿ ವೈಯರ್ ಸಿಕ್ಕಿಸುತ್ತಾರೆ. ಆಮೇಲೆ "ಹಳೇ ಟಿವಿನೇ ಚೆನ್ನಾಗಿತ್ತು" ಅನ್ನುತ್ತಾರೆ. ನಿಜವೇ. ಲೆಕ್ಕ ನೋಡಿ. ಮಾಮೂಲಿ ಎಸ್‌ಡಿ ಚಾನೆಲ್ಲಿನ ಚಿತ್ರ ಹೆಚ್ಚೆಂದರೆ 720×576 ಚುಕ್ಕಿ. 4ಕೆ ಪರದೆಯಲ್ಲಿ 3840×2160 ಚುಕ್ಕಿ. ಸರಿಯಾಗಿ 20 ಪಟ್ಟು. ಬಂದ ಒಂದು ಚುಕ್ಕಿಯನ್ನು ಟಿವಿ 20 ಚುಕ್ಕಿಯ ಜಾಗಕ್ಕೆ ಹಿಗ್ಗಿಸಬೇಕು. ಸಣ್ಣ ಪರದೆಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಎಚ್‌ಡಿ ಬಾಕ್ಸ್ ಇದ್ದೂ ಹಳದಿ ವೈಯರ್ ಹಾಕಿದರೂ ಅಷ್ಟೇ, ಅದರಲ್ಲಿ ಎಚ್‌ಡಿ ಹರಿಯೋದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಸೆಟ್ಟಿಂಗಿನಲ್ಲಿ 1080 ಅಂತ ಆರಿಸಿ. ಸರ್ವಿಸ್ ಚಾರ್ಜ್ ತಗೊಳ್ಳೋಕೆ ನಮಗೇ ನಾಚಿಕೆಯಾಗುವಷ್ಟು ಸಣ್ಣ ಕೆಲಸ ಇದು. ಆದರೂ ತಗೊಳ್ತೇವೆ, ಪೆಟ್ರೋಲಿಗೆ ದುಡ್ಡು ಬೇಕಲ್ವಾ.

ಘಟ್ಟದ ಮೇಲೆ, ಶಿರಸಿ ಕಡೆ ಹೋದರೆ ಮಸುಕಿನ ದೂರು ಯಕ್ಷಗಾನದ್ದು. ಹಳೇ ಕ್ಯಾಸೆಟ್‌ನಿಂದ ಯಾರೋ ಯೂಟ್ಯೂಬಿಗೆ ಹಾಕಿದ ಆಟ. ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ದೊಡ್ಡ ಟಿವಿಯಲ್ಲಿ ಕಿರೀಟ, ಮುಖದ ಬಣ್ಣ, ಹಿಂದಿನ ಪರದೆ ಎಲ್ಲ ಕಲಸಿಕೊಂಡು ಬಿಡುತ್ತದೆ. ಆ ವಿಡಿಯೋದಲ್ಲಿ ಮೇಲಿಂದ ಕೆಳಗೆ ಇರೋದೇ 240 ಅಥವಾ 360 ಸಾಲು ಚುಕ್ಕಿ, ಟಿವಿ ಏನು ಮಾಡೀತು? ಇಂಥ ಕಡೆ ನಾನು ಟಿವಿಯ ಶಾರ್ಪ್‌ನೆಸ್ ಕಡಿಮೆ ಮಾಡಿ ಬರುತ್ತೇನೆ. ಜಾಸ್ತಿ ಮಾಡಿದರೆ ಸ್ಪಷ್ಟ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆಗುವುದು ಉಲ್ಟಾ, ಅಂಚಿಗೆಲ್ಲ ಬಿಳಿ ಗೆರೆ ಹುಟ್ಟುತ್ತದೆ. ಜೊತೆಗೆ ಪಿಕ್ಚರ್ ಮೋಡ್ 'ವಿವಿಡ್' ಅಥವಾ 'ಡೈನಾಮಿಕ್' ಇದ್ದರೆ 'ಸ್ಟ್ಯಾಂಡರ್ಡ್'ಗೆ ಹಾಕುತ್ತೇನೆ. ವಿವಿಡ್ ಅನ್ನೋದು ಶೋರೂಮಿನ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯೋಕೆ ಮಾಡಿದ್ದು, ಮನೆಯ ಜಗುಲಿಗೆ ಅಲ್ಲ. ಎಲ್ಲಾ ಮುಖಗಳೂ ಕುಂಕುಮ ಮೆತ್ತಿಕೊಂಡ ಹಾಗೆ ಕಾಣುತ್ತವೆ. ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಯಾವಾಗಲೂ 100ರಲ್ಲಿ ಉರಿದರೆ ಅದರ ಆಯಸ್ಸೂ ಕಡಿಮೆ.

ಬ್ಯಾಕ್‌ಲೈಟ್ ವಿಷಯ ಬಂತಲ್ಲ, ಅಂಗಡಿಗೆ ಹೊತ್ತು ತರುವ ಟಿವಿಗಳಲ್ಲಿ ಜಾಸ್ತಿ ಇದೇ. ಶಬ್ದ ಬರುತ್ತದೆ, ಚಿತ್ರ ಇಲ್ಲ. ಮೊನ್ನೆ ಹೊಸ ಹುಡುಗ ಅಂಥದ್ದೇ ಒಂದರ ಹಿಂದಿನ ಮುಚ್ಚಳ ತೆಗೆಯೋಕೆ ಹೊರಟ. ನಿಲ್ಲು ಅಂದು ಅಂಗಡಿಯ ಲೈಟ್ ಆರಿಸಿದೆ. ಮೊಬೈಲ್ ಟಾರ್ಚ್ ಹಾಕಿ, ಪರದೆಗೆ ಹತ್ತಿರ, ಓರೆಯಾಗಿ ಹಿಡಿ ಅಂದೆ. ಹಿಡಿದ. ಬೆಳಕು ಬಿದ್ದ ಅಂಗೈ ಅಗಲದ ಜಾಗದಲ್ಲಿ ವಾರ್ತೆ ಓದುವವಳ ಮುಖ ಮಬ್ಬಾಗಿ ಅಲ್ಲಾಡುತ್ತಿತ್ತು. "ಅಣ್ಣಾ, ಚಿತ್ರ ಒಳಗೇ ಇದ್ಯಲ್ಲ!" ಅಂದ. ಇದೆ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ, ಹಿಂದಿನ ಎಲ್‌ಇಡಿ ಪಟ್ಟಿಗಳೇ ಅದಕ್ಕೆ ದೀಪ. ಟಾರ್ಚಿನಲ್ಲಿ ಚಿತ್ರ ಕಂಡರೆ ಪ್ಯಾನೆಲ್, ಮೇನ್ ಬೋರ್ಡ್ ಎರಡೂ ಜೀವಂತ. ದೀಪ ಮಾತ್ರ ಹೋಗಿದೆ, ಇಲ್ಲಾ ದೀಪಕ್ಕೆ ಕರೆಂಟ್ ಕೊಡುವ ಭಾಗ ಹೋಗಿದೆ.

ಆ ಎಲ್‌ಇಡಿಗಳನ್ನು ಚೌತಿ ಮಂಟಪಕ್ಕೆ ಹಾಕುವ ಮಿಣುಕು ದೀಪದ ಸರದ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಸುಟ್ಟು ಕಡಿದರೆ ಇಡೀ ಸರ ಆರಿಹೋಗುತ್ತದೆ. ಹಾಗಂತ ಸುಟ್ಟ ಒಂದನ್ನೇ ಬದಲಿಸಿ ಕೊಡೋದು ನನಗೆ ಸರಿ ಕಾಣೋದಿಲ್ಲ. ಉಳಿದವೂ ಅಷ್ಟೇ ವರ್ಷ ಉರಿದಿರುತ್ತವೆ, ಸ್ವಲ್ಪ ದಿನಕ್ಕೆ ಮತ್ತೊಂದು ಹೋಗುತ್ತದೆ, ಗಿರಾಕಿ ನಮ್ಮನ್ನೇ ಬೈಯುತ್ತಾರೆ. ಪಟ್ಟಿ ಪೂರ್ತಿ ಸೆಟ್ ಬದಲಿಸಬೇಕು. ಪರದೆಯಲ್ಲಿ ಅಲ್ಲಲ್ಲಿ ದುಂಡಗಿನ ಬಿಳಿ ಚುಕ್ಕೆ ಕಾಣುತ್ತಿದ್ದರೆ ಎಲ್‌ಇಡಿ ಮೇಲಿನ ಪ್ಲಾಸ್ಟಿಕ್ ಲೆನ್ಸ್ ಅಂಟು ಬಿಟ್ಟು ಬಿದ್ದಿದೆ ಅಂತ ಅರ್ಥ. ಚಿತ್ರವೆಲ್ಲ ನೀಲಿ, ನೇರಳೆಗೆ ತಿರುಗಿದ್ದರೆ ಕಲರ್ ಸೆಟ್ಟಿಂಗ್ ತಿರುಗಿಸಿ ಏನೂ ಆಗೋದಿಲ್ಲ. ಬಿಳಿ ಎಲ್‌ಇಡಿ ಒಳಗೆ ನಿಜವಾಗಿ ಇರೋದು ನೀಲಿ ಎಲ್‌ಇಡಿ. ಮೇಲಿನ ಹಳದಿ ಫಾಸ್ಫರ್ ಲೇಪದಿಂದ ಬೆಳಕು ಬಿಳಿಯಾಗುತ್ತದೆ. ಬಿಸಿಗೆ ಲೇಪ ಕೆಟ್ಟರೆ ನೀಲಿ ಹೊರಗೆ ಬರುತ್ತದೆ.

ಪಟ್ಟಿ ಬದಲಿಸೋಕೆ ಪ್ಯಾನೆಲ್ ಎತ್ತಬೇಕು. ಅದು ಬರೀ ತೆಳ್ಳನೆಯ ಗಾಜು. 43 ಇಂಚು, ಅದಕ್ಕಿಂತ ದೊಡ್ಡದಾದರೆ ನಮ್ಮಲ್ಲಿ ಒಬ್ಬನೇ ಎತ್ತುವ ಹಾಗಿಲ್ಲ. ಎಷ್ಟೇ ಗಡಿಬಿಡಿ ಇರಲಿ, ಊಟಕ್ಕೆ ಹೋದವನು ಬರುವ ತನಕ ಕಾಯಬೇಕು. ಇನ್ನೊಂದು, ಮನೆಯಲ್ಲಿ ಯಾರೂ ಟಿವಿ ಹಿಂದಿನ ಮುಚ್ಚಳ ತೆಗೆಯೋಕೆ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಈಗ ಕಡಲಿನ ವಿಷಯ. ಬೈತಖೋಲ, ಕೋಡಿಬಾಗ, ಮಾಜಾಳಿ ಕಡೆ ದಂಡೆಯ ಮನೆಗಳಲ್ಲಿ ಬೋರ್ಡುಗಳು ಬೇರೆಯೇ ಥರ ಹಾಳಾಗುತ್ತವೆ. ಗಾಳಿಯಲ್ಲಿ ಬರುವ ಉಪ್ಪು ಟಿವಿ ಹಿಂದಿನ ಸೀಳುಗಳಿಂದ ಒಳಗೆ ಹೋಗಿ ಬೋರ್ಡಿನ ಮೇಲೆ ಕೂರುತ್ತದೆ. ಒಣಗಿದ್ದಾಗ ಅದರ ಪಾಡಿಗೆ ಅದು ಇರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ನೀರೆಳೆದುಕೊಂಡು ತಾನೇ ಕರಗುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ, ತಾಮ್ರ ತಿನ್ನುತ್ತದೆ. ಮಳೆಗಾಲ ಶುರುವಾದ ಕೂಡಲೇ ನಮ್ಮ ಅಂಗಡಿ ಯಾಕೆ ತುಂಬುತ್ತದೆ ಅಂದರೆ ಇದಕ್ಕೇ. ಮೊದಲು ಪೆಟ್ಟು ತಿನ್ನೋದು, ಪರದೆಯ ಚುಕ್ಕಿಗಳಿಗೆ ಚಿತ್ರ ಹಂಚುವ ಟಿ-ಕಾನ್ ಬೋರ್ಡಿಗೆ ಹೋಗುವ ರಿಬ್ಬನ್ ಕೇಬಲ್ಲಿನ ಸಣ್ಣ ಸಣ್ಣ ಹಲ್ಲುಗಳು. ಚಿತ್ರ ಅರ್ಧ ಹೋಗುತ್ತದೆ, ಫೋಟೋದ ನೆಗೆಟಿವ್ ಥರ ಬಣ್ಣ ಬರುತ್ತದೆ, ಇಲ್ಲವೇ ಮಿಣಮಿಣ ಚುಕ್ಕಿ. ಕೇಬಲ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲು ಒರೆಸಿ, ಒಣಗಿಸಿ ಮತ್ತೆ ಕೂರಿಸಿದರೆ ಎಷ್ಟೋ ಟಿವಿ ಎದ್ದು ಬರುತ್ತವೆ. ಯಾವ ಭಾಗವನ್ನೂ ಬದಲಿಸದೆ.

ದಂಡೆಯ ಮನೆಯವರಿಗೆ ನಾನು ಹೇಳೋದು ಇಷ್ಟೇ. ಪಡುವಣ ಕಿಟಕಿಯ ನೇರಕ್ಕೆ ಟಿವಿ ಹಾಕಬೇಡಿ. ಮಳೆಗಾಲದಲ್ಲಿ ಒಸರುವ ಚಿರೇಕಲ್ಲಿನ ಹೊರಗೋಡೆಗೆ ಅಂಟಿಸಬೇಡಿ, ಒಳಗೋಡೆ ನೋಡಿ. ಊರಿಗೆ ಹೋದಾಗ ಬಿಟ್ಟು, ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಟಿವಿ ಹಾಕಿ, ಒಳಗಿನ ಬಿಸಿಗೆ ತೇವ ಆರುತ್ತದೆ. ತಿಂಗಳುಗಟ್ಟಲೆ ಹೊದಿಕೆ ಹೊದೆಸಿ ಮುಚ್ಚಿಟ್ಟ ಟಿವಿಯೇ ಜಾಸ್ತಿ ಕೆಡುತ್ತದೆ. ಇರುವೆ, ಹಲ್ಲಿ ಕೂಡ ಆ ಬೆಚ್ಚನೆ ಜಾಗ ಹುಡುಕಿಕೊಂಡು ಬರುತ್ತವೆ. ಪವರ್ ಬೋರ್ಡಿಗೆ ಅಡ್ಡ ಬಿದ್ದು ಕಪ್ಪಾದ ಹಲ್ಲಿಯನ್ನು ಚಿಮಟದಲ್ಲಿ ತೆಗೆಯೋದು ನಮ್ಮ ಕೆಲಸದ ಒಂದು ಭಾಗವೇ.

ಗುಡುಗು ಸಿಡಿಲಿಗೆ ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಪ್ಲಗ್ ತೆಗೆಯಿರಿ, ಡಿಶ್ಶಿನ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿ. ಅದನ್ನು ಗುಡುಗು ಶುರುವಾಗುವ ಮೊದಲೇ ಮಾಡಬೇಕು, ಸಿಡಿಲು ಹೊಡೆಯುವಾಗ ವೈಯರ್ ಮುಟ್ಟಬಾರದು. ಪ್ಲಗ್ ಮಾತ್ರ ತೆಗೆದ ಮನೆಗಳಲ್ಲಿ ಸಿಡಿಲು ಡಿಶ್ ಕೇಬಲ್ ಹಿಡಿದು ಬಂದು ಎಚ್‌ಡಿಎಂಐ ಪೋರ್ಟ್ ಸುಟ್ಟಿದ್ದು ನೋಡಿದ್ದೇನೆ. ಟಿವಿ ಆನ್ ಆಗುತ್ತದೆ, ಮೆನು ಬರುತ್ತದೆ, ಬಾಕ್ಸ್ ಹಾಕಿದರೆ 'ನೋ ಸಿಗ್ನಲ್'. ಅಂಥ ಹೊತ್ತಿನಲ್ಲಿ ಎರಡನೇ ಎಚ್‌ಡಿಎಂಐ ಪೋರ್ಟಿಗೆ ಹಾಕಿ ನೋಡಿ. ಒಂದು ಸತ್ತು ಇನ್ನೊಂದು ಉಳಿದಿರುವುದೂ ಉಂಟು.

ಪರದೆ ಒರೆಸುವ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ಗಾಜು ಒರೆಸುವ ಸ್ಪ್ರೇಯನ್ನು ನೇರ ಪರದೆಗೆ ಹೊಡೆಯುತ್ತಾರೆ. ನೀರು ಜಾರಿ ಕೆಳಗಿನ ಫ್ರೇಮಿನ ಸಂದಿಗೆ ಇಳಿಯುತ್ತದೆ. ಪರದೆಗೆ ಸಿಗ್ನಲ್ ಕೊಡುವ ತೆಳು ಪಟ್ಟಿಗಳು ಎಷ್ಟೋ ಮಾಡೆಲ್‌ಗಳಲ್ಲಿ ಅಲ್ಲೇ ಗಾಜಿಗೆ ಅಂಟಿಕೊಂಡಿರುತ್ತವೆ. ಹಬ್ಬದ ಹಿಂದಿನ ದಿನ ಒರೆಸಿದ್ದು, ಹಬ್ಬದ ದಿನ ಉದ್ದುದ್ದ ಗೆರೆ. ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಕಲೆ ಹೋಗದಿದ್ದರೆ ಬಟ್ಟೆಗೆ ನಾಲ್ಕು ಹನಿ ನೀರು, ಪರದೆಗೆ ಅಲ್ಲ, ಅದೂ ಟಿವಿ ಆಫ್ ಮಾಡಿ.

ಗೆರೆ ಬಂದ ಮೇಲೆ ಫ್ರೇಮಿನ ಅಂಚನ್ನು ಮೆಲ್ಲಗೆ ಒತ್ತಿದಾಗ ಅದು ಬಂದು ಹೋಗಿ ಮಾಡಿದರೆ ಆ ಪಟ್ಟಿಯ ಅಂಟು ಬಿಟ್ಟಿದೆ. ಅದನ್ನು ಮತ್ತೆ ಗಾಜಿಗೆ ಅಂಟಿಸುವ ಬಾಂಡಿಂಗ್ ಮಷಿನ್ ಇರುವ ಕಡೆ ಕಳಿಸಬಹುದು. ಆದರೆ ಸಣ್ಣ ಟಿವಿಗೆ ಆ ಖರ್ಚು ಹುಟ್ಟೋದಿಲ್ಲ. ಗಾಜೇ ಒಡೆದು ಜೇಡರ ಬಲೆ ಥರ ಆಗಿದ್ದರೆ, ಒಳಗೆ ಶಾಯಿ ಚೆಲ್ಲಿದಂತೆ ಕಂಡರೆ, ನಾನು ಮನೆಗೆ ಬರೋದೇ ಇಲ್ಲ, ಫೋನಿನಲ್ಲೇ ಫೋಟೋ ನೋಡಿ ಹೇಳಿಬಿಡುತ್ತೇನೆ. ಹೊಸ ಪ್ಯಾನೆಲ್ಲಿನ ರೇಟು ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ. "ಏನಾದ್ರೂ ಮಾಡಿ" ಅಂತ ಎಷ್ಟು ಹೇಳಿದರೂ ಅದಕ್ಕೆ ಮಾಡುವಂಥದ್ದು ಏನೂ ಇಲ್ಲ.

ಆದರೆ ಆ ಟಿವಿಯನ್ನು ಗುಜರಿಗೆ ಹಾಕುವ ಮೊದಲು ನಮ್ಮಂಥ ಅಂಗಡಿಯಲ್ಲಿ ಕೇಳಿ. ಗಾಜು ಒಡೆದರೂ ಒಳಗಿನ ಪವರ್ ಬೋರ್ಡ್, ಮೇನ್ ಬೋರ್ಡ್, ಎಲ್‌ಇಡಿ ಪಟ್ಟಿ ಎಲ್ಲ ಚೆನ್ನಾಗಿರುತ್ತವೆ. ಹಳೇ ಮಾಡೆಲ್ ಬೋರ್ಡು ಅಂಗಡಿಗಳಲ್ಲಿ ಸಿಗೋದಿಲ್ಲ, ಬೋರ್ಡಿನ ಮೇಲಿನ ನಂಬರ್ ಸರಿಯಾಗಿ ಹೊಂದಬೇಕು. ನಮ್ಮ ಅಟ್ಟದ ಮೇಲೆ ಅಂಥವು ಒಂದು ರಾಶಿ ಇವೆ, ನಂಬರ್ ಬರೆದು ಚೀಟಿ ಅಂಟಿಸಿ ಇಟ್ಟಿದ್ದೇವೆ. ಸಿಡಿಲಿಗೆ ಮೇನ್ ಬೋರ್ಡ್ ಕಳೆದುಕೊಂಡು ಬರುವವರಿಗೆ ನಾವು ಮೊದಲು ಹುಡುಕೋದು ಅಲ್ಲೇ.