ರಕ್ತ ನುಂಗಿ ಭಾಷಣ ಮಾಡಿದ ಹುಡುಗ

ಕೋಲಾರದ ಗ್ರಂಥಾಲಯದಲ್ಲಿ ಕುಳಿತು ಓದಿದ, ಅಮೆರಿಕದ ಕಪ್ಪು ಲೇಖಕ ರಾಲ್ಫ್ ಎಲಿಸನ್‌ನ ‘ಬ್ಯಾಟಲ್ ರಾಯಲ್’ (1947) ಕಥೆಯಿಂದ ಮನಸ್ಸು ಇನ್ನೂ ಹೊರಬಂದಿಲ್ಲ. ಅಮೆರಿಕದ ಬಿಳಿಯ ಗಣ್ಯರು ಭಾಷಣಕ್ಕೆಂದು ಕರೆಸಿಕೊಂಡ ಕಪ್ಪು ಹುಡುಗನನ್ನು, ಅವನಂಥ ಬೇರೆ ಹುಡುಗರೊಡನೆ ಕಣ್ಣಿಗೆ ಬಟ್ಟೆ ಕಟ್ಟಿ ಹೊಡೆದಾಡಿಸುತ್ತಾರೆ. ಬಳಿಕ ವಿದ್ಯುತ್ ಹರಿಯುವ ಜಮಖಾನೆಯ ಮೇಲೆ ನಾಣ್ಯ ಚೆಲ್ಲಿ ಆಯಿಸುತ್ತಾರೆ. ಇಷ್ಟಾದ ಮೇಲೂ ಅವನು ಬಾಯಲ್ಲಿ ತುಂಬಿದ ರಕ್ತವನ್ನು ಉಗುಳಲು ಅಂಜಿ, ನುಂಗಿಕೊಂಡೇ ಭಾಷಣ ಮುಂದುವರಿಸುತ್ತಾನೆ. ಅವನನ್ನು ಹೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಲ್ಲಿನ ವರ್ಣದ್ವೇಷವೂ ಇಲ್ಲಿನ ಜಾತಿಯೂ ಒಂದೇ ಅಲ್ಲ, ನಿಜ. ಆದರೂ 1972ರಲ್ಲಿ ಮುಂಬೈಯ ದಲಿತ ಯುವಕರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಪ್ರೇರಣೆ ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದ್ದು ಸುಮ್ಮನೆ ಅಲ್ಲ.

ನನ್ನನ್ನು ಹೆಚ್ಚು ಕಾಡಿದವನು ಕಥೆಯ ಅಜ್ಜ. ಬದುಕಿಡೀ ಬಿಳಿಯರಿಗೆ ತಲೆಬಾಗಿದ ಅವನು, ನಮ್ಮ ಬಾಳೇ ಒಂದು ಯುದ್ಧ, ನಾನು ಶತ್ರುವಿನ ನಾಡಿನಲ್ಲಿದ್ದ ಗೂಢಚಾರ ಎಂದು ಹೇಳಿ ಪ್ರಾಣ ಬಿಡುತ್ತಾನೆ. ನಮ್ಮ ತಾತನೂ ಊರಿನ ಹೋಟೆಲಿನ ಹೊರಗೆ ನಿಂತು ತಮಗೆಂದೇ ಬೇರೆ ಇಟ್ಟಿದ್ದ ಲೋಟದಲ್ಲಿ ಟೀ ಕುಡಿದವರು, ಎಲ್ಲದಕ್ಕೂ ‘ಆಗಲಿ ಬುದ್ಧಿ’ ಎಂದವರು. ಅದನ್ನು ಬರಿಯ ಭಯವೆಂದು ನಾನು ಇನ್ನು ಒಪ್ಪಲಾರೆ. ಹಾಗೆನ್ನುತ್ತಲೇ ಅವರು, ಯಾರ ಅಪ್ಪಣೆಯನ್ನೂ ಕೇಳದೆ, ನಮ್ಮ ಅಮ್ಮನನ್ನು ಶಾಲಾ ಶಿಕ್ಷಕರ ತರಬೇತಿಯಾದ ಟಿಸಿಎಚ್‌ವರೆಗೆ ಓದಿಸಿದರು.