ಹಸ್ತ–ಚಿತ್ತ ಮಳೆಯ ನಡುವೆ ಚಂದ್ರದ್ರೋಣದಲ್ಲಿ ಒಂದು ದಿನ

ಹಸ್ತ ಮಳೆಯ ಬಿರುಸು ತಗ್ಗಿ ಚಿತ್ತ ಹಿಡಿಯುವ ಹೊತ್ತು, ಅಂದರೆ ಅಕ್ಟೋಬರ್ ಮೊದಲ ಎರಡು ವಾರ, ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಕ್ಯಾಮೆರಾ ಹಿಡಿದು ಹೋಗಲು ತಕ್ಕ ಕಾಲ. ಆಗಸ್ಟಿನಲ್ಲಿ ಹತ್ತು ಮಾರು ದೂರದ್ದು ಕಾಣದಷ್ಟು ಮಂಜು. ಡಿಸೆಂಬರಿಗೆ ಹುಲ್ಲು ಒಣಗಿ ನೆಲದ ಹೂಗಳು ಮುಗಿದಿರುತ್ತವೆ. ನಡುವಿನ ಈ ದಿನಗಳಲ್ಲಿ ಹುಲ್ಲುಗಾವಲು ಹಸಿರಾಗಿದ್ದು ಬಂಡೆಗಳು ಇನ್ನೂ ಒಸರುತ್ತಿರುತ್ತವೆ, ಮಳೆ ಬಂದರೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ದಸರಾ ರಜೆಯ ದಿನಗಳನ್ನೂ ಶನಿವಾರ–ಭಾನುವಾರವನ್ನೂ ಬಿಟ್ಟುಬಿಡಿ. ವಾಹನಗಳಿಗೆ ಮಿತಿ ಇರುವುದರಿಂದ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಬೆಳಗಿನ ಸರದಿಗೆ ಬುಕ್ ಮಾಡಿಕೊಳ್ಳಬೇಕು.

ಅಕ್ಟೋಬರಿನಲ್ಲಿ ಇಲ್ಲಿ ಸೂರ್ಯ ಮೂಡುವುದು ಸುಮಾರು 6:15ಕ್ಕೆ. ಪೇಟೆಯಿಂದ ಕೈಮರ ದಾಟಿ ಕಾಫಿ ತೋಟಗಳ ನಡುವೆ ಏರುವಾಗ ಕಾರಿನ ಎಸಿ ಆರಿಸಿ ಕಿಟಕಿ ಇಳಿಸಿಡಿ. ತಣ್ಣಗಿದ್ದ ಲೆನ್ಸನ್ನು ತೇವದ ಗಾಳಿಗೆ ತೆಗೆದ ಕೂಡಲೇ ಮುಂಭಾಗಕ್ಕೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ, ಆ ಹೊತ್ತಿಗೆ ಒಳ್ಳೆಯ ಬೆಳಕು ಮುಗಿದಿರುತ್ತದೆ. ಎಸಿ ಹಾಕಲೇಬೇಕಾಗಿ ಬಂದಿದ್ದರೆ, ಬ್ಯಾಗಿನ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಡಿ.

ಎಲ್ಲರ ಗುರಿಯೂ ನೇರ ಮುಳ್ಳಯ್ಯನಗಿರಿ. ಆದರೆ ನೋಡುವ ಕಣ್ಣಿಗೆ ಹೆಚ್ಚು ಸಿಗುವುದು ಸೀತಾಳಯ್ಯನಗಿರಿಯ ಆಸುಪಾಸಿನ ರಸ್ತೆಬದಿಯಲ್ಲೇ. ರಸ್ತೆಗಾಗಿ ಕಡಿದ ದರೆಯಲ್ಲಿ ನೀರು ಜಿನುಗುವ ಜಾಗ ಹುಡುಕಿ. ಪಾಚಿಯ ನಡುವೆ ಗುಲಾಬಿ ಬಣ್ಣದ ಕರ್ಣಕುಂಡಲ, ಅದರ ಕೆಳಗೆ ಒದ್ದೆ ಮಣ್ಣಿನಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದಾದ ನೇರಳೆ ಹೂ: ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುವ ಗಿಡ ಯುಟ್ರಿಕ್ಯುಲೇರಿಯಾ. ದಂಟು ದಾರದಷ್ಟು ಸಪೂರ, ಹೂವಿನ ಹಿಂದೆ ಮೊನಚಾದ ಕೊಂಬು. ಎಲೆ ಹುಡುಕಿದರೆ ಕಾಣುವುದು ಕಷ್ಟ. ಅದರ ನಿಜವಾದ ಕಸುಬು ಮಣ್ಣಿನೊಳಗೆ. ಅಲ್ಲಿರುವ ಪುಟ್ಟ ಚೀಲಗಳು ನೀರನ್ನು ಹೊರದೂಡಿ ಬಿಗಿದು ಕಾಯುತ್ತವೆ. ಸೂಕ್ಷ್ಮಜೀವಿ ಬಾಗಿಲ ಬಳಿಯ ಕೂದಲು ಮುಟ್ಟಿದ ಕ್ಷಣ ಬಾಗಿಲು ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ. ಬಂಡೆಯ ಮೇಲಿನ ಮಣ್ಣಿನಲ್ಲಿ ಸಾರಜನಕ ತೀರ ಕಡಿಮೆ. ಆ ಕೊರತೆ ನೀಗಿಸಿಕೊಳ್ಳುವ ದಾರಿ ಇದು.

ಈ ಹೂವಿನ ಚಿತ್ರ ಕೆಡುವುದು ಬಹುಮಟ್ಟಿಗೆ ಗಾಳಿಯಿಂದ. ಮ್ಯಾಕ್ರೋ ಲೆನ್ಸ್‌ನಲ್ಲಿ ಎಫ್/8, ಶಟರ್ 1/500 ಸೆಕೆಂಡ್ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಕಾಳು ಕಾಣುವ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಬಿಳಿ ಕೊಡೆಯೊಂದಿದ್ದರೆ ಗಾಳಿಯನ್ನೂ ತಡೆಯುತ್ತದೆ, ಬಿಸಿಲನ್ನೂ ಮೆದುಗೊಳಿಸುತ್ತದೆ. ಮಲಗಿ ತೆಗೆಯಬೇಕೆನಿಸಿದರೆ ರಸ್ತೆಯಂಚಿನ ಜಲ್ಲಿಯ ಮೇಲಷ್ಟೇ ಮಲಗಿ. ಒದ್ದೆ ಮಣ್ಣಿನ ಮೇಲೆ ಮೊಣಕೈ ಊರಿದರೆ ಒಂದು ಹೂವಿನ ಚಿತ್ರಕ್ಕೆ ಹತ್ತಾರು ಗಿಡ ನೆಲಸಮ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮುಳ್ಳಯ್ಯನಗಿರಿ 1,930 ಮೀಟರ್. ಪೇಟೆಗಿಂತ ಎಂಟುನೂರು ಮೀಟರಿಗೂ ಎತ್ತರವಾದ್ದರಿಂದ ಐದು ಡಿಗ್ರಿಯಷ್ಟು ಚಳಿ ಹೆಚ್ಚು, ಗಾಳಿ ಬೇರೆ. ತೆಳುವಾದ ವಿಂಡ್‌ಚೀಟರ್ ಸಾಕು. ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ದೇವಸ್ಥಾನ. ಮಂಜು ಕವಿದಾಗ ಕ್ಯಾಮೆರಾ ಆ ಬಿಳುಪನ್ನು ಬೂದಿ ಮಾಡಿಬಿಡುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿ. ಆಟೋಫೋಕಸ್ ಹಿಂದೆಮುಂದೆ ತಡಕಾಡಿದರೆ ಕೈಯಿಂದಲೇ ಫೋಕಸ್ ಮಾಡಿ. ಹೊಳಪು ತಗ್ಗಿಸುವ ಫಿಲ್ಟರ್ ಆದ ಪೋಲರೈಸರ್ ಮಂಜಿನಲ್ಲಿ ಉಪಯೋಗಕ್ಕಿಲ್ಲ. ಅದು ಬೇಕಾಗುವುದು ಬಿಸಿಲು ಬಂದು ಒದ್ದೆ ಎಲೆಗಳು ಹೊಳೆಯುವಾಗ.

ಗುಡ್ಡದ ಮಡಿಕೆಗಳಲ್ಲಿ ಕಪ್ಪಗೆ ಕಾಣುವುದು ಶೋಲಾ ಕಾಡು. ಮಳೆಯನ್ನು ಹೀರಿ ಬೇಸಿಗೆಯವರೆಗೂ ಬಿಡುವುದು ಈ ಕಾಡು ಮತ್ತು ಸುತ್ತಲ ಹುಲ್ಲು. ಇದೇ ಶ್ರೇಣಿಯ ಯಗಚಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ, ವೇದಾ ಮತ್ತು ಅವತಿ ಹಳ್ಳಗಳು ವೇದಾವತಿಯಾಗಿ ತುಂಗಭದ್ರೆಯ ಮೂಲಕ ಕೃಷ್ಣೆಗೆ. ಕಾಡಿನ ಅಂಚಿನಲ್ಲಿ ನಿಂತರೆ ಸಾಕು, ಒಳಗೆ ಹೋಗಬೇಡಿ: ಪಿಕಳಾರಗಳು ಅಂಚಿಗೇ ಬರುತ್ತವೆ. ಇಂಬಳ ಕಾಲಿಗೆ ಹತ್ತಿದರೆ ಉಗುರಿನಿಂದ ಬಾಯಿಯ ಕಡೆ ಕೆರೆದು ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಮೊದಲೇ ರಸ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸುರಿಯುತ್ತದೆ, ಗಾಬರಿ ಬೇಡ.

ಒಂದು ಗಂಟೆಗೆಲ್ಲ ಇಳಿಯಲು ಶುರುಮಾಡಿ. ಮೋಡ ಗೋಪುರದಂತೆ ಬೆಳೆಯತೊಡಗಿದರೆ ಚಿತ್ತದ ಗುಡುಗು ಹತ್ತಿರವಾಯಿತೆಂದೇ ಅರ್ಥ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಬೋಳು ದಿಣ್ಣೆಯ ಮೇಲೆ ಟ್ರೈಪಾಡ್ ನಿಲ್ಲಿಸಿಕೊಂಡು ಇನ್ನೊಂದು ಚಿತ್ರಕ್ಕೆ ಕಾಯುವ ಹೊತ್ತಲ್ಲ ಅದು, ವಾಹನದೊಳಗೆ ಸೇರಿಕೊಳ್ಳಿ.

ಬೂಟಿನ ಅಡಿಯನ್ನು ಗಿರಿಗೆ ಹೋಗುವ ಹಿಂದಿನ ದಿನವೇ ಬ್ರಷ್‌ನಿಂದ ಉಜ್ಜಿ ತೊಳೆದಿಡಬೇಕು. ಲಂಟಾನ, ಪಾರ್ಥೇನಿಯಂನಂಥ ಕಳೆಗಳು ಗುಡ್ಡ ಏರುವುದು ರಸ್ತೆಯ ಗುಂಟ, ವಾಹನದ ಚಕ್ರ ಮತ್ತು ಬೂಟಿನ ಕೆಸರಿನಲ್ಲಿ ಬರುವ ಬೀಜಗಳೂ ಅವುಗಳ ಪಾಲಿಗೆ ಒಂದು ದಾರಿಯೇ.