ಇನ್‌ಫ್ಯೂಷನ್ ಪಂಪಿಗೆ ಸೆಲ್ ಬದಲಿಸುವಾಗ

ಮನೆಯಲ್ಲಿ ಇನ್‌ಫ್ಯೂಷನ್ ಪಂಪ್, ಅಂದರೆ ಟ್ಯೂಬಿನ ಮೂಲಕ ಮದ್ದನ್ನು ನಿಧಾನವಾಗಿ ಮೈಯೊಳಗೆ ಕಳಿಸುವ ಯಂತ್ರ, ಇಟ್ಟುಕೊಂಡು ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೆಲ್ ಬದಲಿಸಲು ಎರಡು ನಿಮಿಷ ಸಾಕು. ಆದರೆ ಬದಲಿಸಿದ ಮೇಲೆ ಮದ್ದು ನಿಜಕ್ಕೂ ಹೋಗುತ್ತಿದೆಯೇ ಎಂದು ನೋಡದೆ ದೀಪ ಆರಿಸಿ ಮಲಗಿದರೆ, ರೋಗಿ ರಾತ್ರಿಯಿಡೀ ನೋವಿನಲ್ಲಿ ನರಳಬೇಕಾದೀತು.

ಮೊದಲು ಸೆಲ್ಲಿನ ಮಾತು, ತೊಂದರೆ ಹೆಚ್ಚಾಗಿ ಶುರುವಾಗುವುದು ಅಂಗಡಿಯಲ್ಲೇ. ಮದ್ದಿನ ಡಬ್ಬಿ (ಕ್ಯಾಸೆಟ್) ಸಿಕ್ಕಿಸುವ ಸಣ್ಣ ಪಂಪುಗಳಿಗೆ ಎರಡೋ ನಾಲ್ಕೋ ಡಬಲ್ ಎ ಸೆಲ್ ಬೇಕು. ಟಿ34 ಥರದ ಸಿರಿಂಜ್ ಪಂಪಿಗೆ 9 ವೋಲ್ಟಿನ ಚೌಕ ಬ್ಯಾಟರಿ ಒಂದು. ಕೊಳ್ಳುವಾಗ ಮೈಮೇಲಿನ ಸಣ್ಣ ಅಕ್ಷರ ಓದಿ. ಎಲ್‌ಆರ್6 ಎಂದಿದ್ದರೆ ಆಲ್ಕಲೈನ್, ಅದೇ ಬೇಕಾದದ್ದು. ಬರೀ ಆರ್6 ಎಂದಿದ್ದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್. ಚೌಕ ಬ್ಯಾಟರಿಯಲ್ಲಿ 6ಎಲ್‌ಆರ್61 ಆಲ್ಕಲೈನ್, 6ಎಫ್22 ಜಿಂಕ್ ಕಾರ್ಬನ್. ವೋಲ್ಟ್ ಎರಡರದ್ದೂ ಒಂದೇ ಆದ್ದರಿಂದ ಅಂಗಡಿಯವರು "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ. ಒಂದೇ ಅಲ್ಲ. ಪಂಪಿನ ಮೋಟಾರು ತಿರುಗುವಾಗಲೆಲ್ಲ ಸೆಲ್ಲಿನಿಂದ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಜಿಂಕ್ ಕಾರ್ಬನ್ ಸೆಲ್ಲಿಗೆ ಅಷ್ಟು ಕೊಡುವ ಕಸುವಿಲ್ಲ, ವೋಲ್ಟೇಜ್ ಕುಸಿಯುತ್ತದೆ, ಹೊಸ ಸೆಲ್ ಹಾಕಿದ್ದರೂ ಪಂಪು ಲೋ ಬ್ಯಾಟರಿ ಎಂದು ಕೂಗುತ್ತದೆ.

ಮಾಮೂಲಿ ರೀಚಾರ್ಜ್ ಸೆಲ್ಲೂ ಬೇಡ. ಅದು 1.2 ವೋಲ್ಟಿನದು. ಆಲ್ಕಲೈನಿಗೆಂದು ಹೊಂದಿಸಿದ ಸ್ಕ್ರೀನಿನ ಬ್ಯಾಟರಿ ಗುರುತು ಅದರ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಎಚ್ಚರಿಕೆ ಕೊಟ್ಟ ಸ್ವಲ್ಪ ಹೊತ್ತಿಗೇ ಪಂಪು ನಿಂತುಬಿಡಬಹುದು. ಕಂಪನಿಯೇ ಆ ಪಂಪಿಗೆಂದು ಕೊಡುವ ರೀಚಾರ್ಜ್ ಪ್ಯಾಕ್ ಆದರೆ ಅಡ್ಡಿಯಿಲ್ಲ. ಸಂತೆಯಲ್ಲಿ ಬಿಸಿಲಿಗೆ ಹರವಿಟ್ಟ ಸೆಲ್ ತರಬೇಡಿ. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ ಶೀಟಿನ ಮನೆಯ ಅಟ್ಟದ ಮೇಲೂ ಇಡಬೇಡಿ. ತಂಪಾದ ಒಣ ಜಾಗ ಸಾಕು, ಫ್ರಿಜ್ ಬೇಡ. ಕನಿಷ್ಠ ಎರಡು ಸಲ ಬದಲಿಸುವಷ್ಟು ಸೆಲ್ ಪಂಪಿನ ಪಕ್ಕದಲ್ಲೇ ಇರಲಿ. ಚೌಕ ಬ್ಯಾಟರಿಯನ್ನು ಚಿಲ್ಲರೆ, ಬೀಗದಕೈ ಇರುವ ಜೇಬಿಗೆ ಹಾಕಬೇಡಿ, ಶಾರ್ಟ್ ಆಗಿ ಸುಡುತ್ತದೆ.

ಅಲಾರಾಂ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಗುರುತು ಇಳಿದಿದ್ದರೆ ಸಂಜೆ ಬೆಳಕಿರುವಾಗಲೇ ಬದಲಿಸಿ. ಕೈ ತೊಳೆದುಕೊಳ್ಳಿ. ಹೊಸ ಸೆಲ್ಲಿನ ಪ್ಲಾಸ್ಟಿಕ್ ಮೊದಲೇ ಬಿಚ್ಚಿಡಿ. ಗಂಟೆಗೆ ಎಷ್ಟು ಮಿ.ಲೀ. ಹೋಗುತ್ತಿದೆ, ಎಷ್ಟು ಉಳಿದಿದೆ, ಈಗ ಎಷ್ಟು ಗಂಟೆ, ಈ ಮೂರನ್ನೂ ಚೀಟಿಯಲ್ಲಿ ಬರೆಯಿರಿ. ಸ್ಟಾಪ್ ಒತ್ತಿ, ಪಂಪು ನಿಂತಿತೆಂದು ಸ್ಕ್ರೀನಿನಲ್ಲಿ ನೋಡಿ, ಆಮೇಲೆ ಟ್ಯೂಬನ್ನು ಒತ್ತಿ ಹಿಡಿಯುವ ಕ್ಲಿಪ್, ಅಂದರೆ ಕ್ಲಾಂಪ್, ಮುಚ್ಚಿ. ಸಿರಿಂಜನ್ನಾಗಲಿ ಕ್ಯಾಸೆಟ್ಟನ್ನಾಗಲಿ ಮುಟ್ಟಬೇಡಿ. ಕ್ಲಾಂಪ್ ಮುಚ್ಚದೆ ಅದು ಕಳಚಿಬಂದರೆ, ಪಂಪು ರೋಗಿಗಿಂತ ಎತ್ತರದಲ್ಲಿದ್ದಾಗ ಮದ್ದು ತಾನಾಗಿ ಒಳಗೆ ಹರಿದುಬಿಡಬಹುದು. ಪಂಪನ್ನು ರೋಗಿಯ ಎದೆಮಟ್ಟದಲ್ಲೇ ಇಟ್ಟುಕೊಂಡು ಕೆಲಸ ಮಾಡುವುದು ಇದಕ್ಕೇ.

ಹಳೆಯ ಸೆಲ್‌ಗಳನ್ನೆಲ್ಲ ತೆಗೆದು ಎಲ್ಲವನ್ನೂ ಹೊಸದೇ ಹಾಕಿ. ಒಂದು ಹಳತು ಒಂದು ಹೊಸತು ಸೇರಿಸಿದರೆ ಹಳೆಯದು ಬೇಗ ಬತ್ತಿ ಸೋರುತ್ತದೆ. ಒಳಗಿನ ಪ್ಲಸ್, ಮೈನಸ್ ಗುರುತಿಗೆ ಸರಿಯಾಗಿ ಕೂರಿಸಿ, ಮುಚ್ಚಳ ಟಕ್ ಎನ್ನುವವರೆಗೆ ಒತ್ತಿ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಂಡರೆ ಅದು ಸೋರಿದ ಕ್ಷಾರ, ಬರಿಗೈ ತಾಕಿಸಬೇಡಿ. ಆ ಪಂಪು ಸರ್ವಿಸಿಗೆ ಹೋಗಬೇಕು.

ಆನ್ ಆದಾಗ ಪಂಪು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಆಗ ಬೀಪ್ ಬರುವುದು ಸಹಜ. ಕೆಲವು ಪಂಪು ಹಿಂದಿನದನ್ನು ಮುಂದುವರಿಸಲೋ, ಹೊಸ ಪ್ರೋಗ್ರಾಂ ಶುರುಮಾಡಲೋ ಎಂದು ಕೇಳುತ್ತವೆ. ಮುಂದುವರಿಸು ಎಂಬುದನ್ನೇ ಒತ್ತಿ. ಚೀಟಿಯ ಅಂಕಿಗೂ ಸ್ಕ್ರೀನಿನ ಅಂಕಿಗೂ ತಾಳೆಯಾಗದಿದ್ದರೆ ಸ್ಟಾರ್ಟ್ ಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ತಾಳೆಯಾದರೆ ಮೊದಲು ಕ್ಲಾಂಪ್ ಬಿಚ್ಚಿ, ಆಮೇಲೆ ಸ್ಟಾರ್ಟ್ ಒತ್ತಿ. ಈ ಕ್ರಮ ತಿರುವುಮುರುವಾಗಬಾರದು. ಕ್ಲಾಂಪ್ ಮುಚ್ಚಿದ್ದಾಗ ಪಂಪು ಓಡಿದರೆ ಟ್ಯೂಬಿನಲ್ಲಿ ಒತ್ತಡ ತುಂಬುತ್ತದೆ, ಆಮೇಲೆ ಬಿಚ್ಚಿದಾಗ ಅಷ್ಟೂ ಮದ್ದು ಒಮ್ಮೆಗೇ ಒಳಗೆ ನುಗ್ಗುತ್ತದೆ. ಮಾರ್ಫಿನ್‌ನಂಥ ಮದ್ದಿನಲ್ಲಿ ಇದು ಅಪಾಯ. ಹಾಗಾಗಿ ಅಡಚಣೆಯ ಅಲಾರಾಂ ಬಂದರೆ ಗಾಬರಿಯಲ್ಲಿ ಕ್ಲಾಂಪ್ ಬಿಚ್ಚಬೇಡಿ. ಪಂಪು ನಿಲ್ಲಿಸಿ, ನರ್ಸಿಗೆ ಫೋನ್ ಮಾಡಿ ಕೇಳಿ.

ಎಲ್ಲರೂ ಮರೆಯುವುದು ಸ್ಟಾರ್ಟ್ ಬಟನ್ ಒಂದನ್ನೇ. ಸ್ಕ್ರೀನಿನಲ್ಲಿ ಬೆಳಕು ಬಂದ ಮಾತ್ರಕ್ಕೆ ಮದ್ದು ಹೋಗುತ್ತಿದೆ ಎಂದಲ್ಲ. ಗಂಟೆಗೆ 2 ಮಿ.ಲೀ. ಹೋಗುವ ಪಂಪಿನಲ್ಲಿ ರಾತ್ರಿ 8ಕ್ಕೆ 60 ಮಿ.ಲೀ. ಇದ್ದರೆ 9ಕ್ಕೆ 58 ಕಾಣಬೇಕು. ಆ ಒಂದು ಗಂಟೆ ಕಾದು, ಅಂಕಿ ಇಳಿದದ್ದನ್ನು ನೋಡಿಯೇ ಮಲಗಿ.

ಪ್ಲಗ್ ಹಾಕುವ ಪಂಪಿನ ಒಳಗಿನ ಬ್ಯಾಟರಿಯನ್ನು ಮನೆಯಲ್ಲಿ ಬದಲಿಸಲಾಗದು. ಊರಿನ ಮೊಬೈಲ್ ರಿಪೇರಿಯವರಿಂದ ಬೇರೆ ಸೆಲ್ ಕಟ್ಟಿಸಬೇಡಿ, ಅದು ಬಯೋಮೆಡಿಕಲ್ ಎಂಜಿನಿಯರ್ ಕೆಲಸ. ನೀವು ನೋಡಬೇಕಾದದ್ದು ಚಾರ್ಜ್ ದೀಪವನ್ನು. ಪ್ಲಗ್ ಸಿಕ್ಕಿಸಿ ಬೋರ್ಡಿನ ಸ್ವಿಚ್ ಹಾಕದೇ ಬಿಡುವುದು ತೀರಾ ಸಾಮಾನ್ಯ, ಬೆಸ್ಕಾಂ ಕರೆಂಟ್ ಹೋದ ರಾತ್ರಿಯೇ ಅದು ಗೊತ್ತಾಗುವುದು. ಪೂರ್ತಿ ಚಾರ್ಜ್ ಮಾಡಿದರೂ ಮೊದಲಿನ ಅರ್ಧದಷ್ಟು ಹೊತ್ತೂ ಓಡದಿದ್ದರೆ ಬದಲಿ ಪಂಪು ಕೇಳಿ ತರಿಸಿಕೊಳ್ಳಿ. ಕೆಲವೇ ನಿಮಿಷ ನಿಂತರೂ ತೊಂದರೆಯಾಗುವ ಹೃದಯದ ಮದ್ದು ಹೋಗುತ್ತಿದ್ದರೆ, ಎರಡನೇ ಪಂಪು ಕೊಡದೆ ರೋಗಿಯನ್ನು ಮನೆಗೆ ಕಳಿಸಲು ಒಪ್ಪಬೇಡಿ.